ಮನಿಲಾದಿಂದ ಒಂದು ದಿನದ ಸುತ್ತು: ಕವಿತ್, ತಗಾಯ್ತಾಯ್, ತಾಲ್

ಮನಿಲಾದಲ್ಲಿ ಮೆಡಿಕಲ್ ಓದುವ ಆರು ಜನ ಗೆಳೆಯರು, ಇರುವುದು ಒಂದೇ ದಿನ, ಇತಿಹಾಸವೂ ಬೇಕು ನೋಟವೂ ಬೇಕು, ಇಬ್ಬರು ಸಸ್ಯಾಹಾರಿಗಳು ಅಂತ ಕೇಳಿದ್ದೀರಿ. ಕವಿತ್, ತಗಾಯ್ತಾಯ್, ತಾಲ್ ಪಟ್ಟಣ, ಇದೇ ಕ್ರಮದಲ್ಲಿ ಹೋಗಿ.

ನಿಮ್ಮ ಪಟ್ಟಿಯಲ್ಲಿರುವ ತಾಲ್ ಸರೋವರದ ಜ್ವಾಲಾಮುಖಿ ದ್ವೀಪದ ದೋಣಿ, ಕುದುರೆ ಸವಾರಿ ಎರಡನ್ನೂ ಕೈಬಿಡಿ. ಇಡೀ ದ್ವೀಪ ಶಾಶ್ವತ ಅಪಾಯ ವಲಯ. 2020ರ ಜನವರಿ 12ರಂದು ಸಿಡಿದದ್ದು ಅದೇ. ಸಣ್ಣ ಉಗಿ ಸ್ಫೋಟಗಳು ಸೂಚನೆಯಿಲ್ಲದೆ ಆಗುತ್ತವೆ, ಆದ್ದರಿಂದ ದಡದಲ್ಲಿ ಯಾರಾದರೂ ಗುಟ್ಟಾಗಿ ಕರೆದೊಯ್ಯುತ್ತೇನೆ ಅಂದರೂ ಒಪ್ಪಬೇಡಿ. ಹೊರಡುವ ಹಿಂದಿನ ರಾತ್ರಿ ಫಿವೋಲ್ಕ್ಸ್ (ಸರ್ಕಾರದ ಜ್ವಾಲಾಮುಖಿ-ಭೂಕಂಪ ಸಂಸ್ಥೆ) ಪ್ರಕಟಣೆ ನೋಡಿ. ಗಂಧಕದ ಹೊಗೆಮಂಜು ಇದೆ ಅಂತಿದ್ದರೆ ಆಸ್ತಮಾ ಇರುವವರು ಆ ದಿನ ಬರುವುದು ಬೇಡ.

ಸೋಮವಾರ ಹೋದರೆ ಮ್ಯೂಸಿಯಂಗಳು ಮುಚ್ಚಿರುತ್ತವೆ. ಶನಿ-ಭಾನುವಾರ ತಗಾಯ್ತಾಯ್ ರಸ್ತೆಯಲ್ಲೇ ಅರ್ಧ ದಿನ ಕಳೆಯುತ್ತದೆ. ಮಂಗಳ, ಬುಧ, ಗುರುವಾರ ಒಳ್ಳೆಯದು. ಆದರೆ ಮನಿಲಾದಲ್ಲಿ ಬೆಳಗ್ಗೆ 7ರಿಂದ 10, ಸಂಜೆ 5ರಿಂದ 8 ನಂಬರ್ ಕೋಡಿಂಗ್ ಇದೆ: ನಂಬರ್ ಪ್ಲೇಟ್ ಮಂಗಳವಾರ 3-4, ಬುಧವಾರ 5-6, ಗುರುವಾರ 7-8ಕ್ಕೆ ಮುಗಿಯುವ ಗಾಡಿ ಓಡುವಂತಿಲ್ಲ. ವ್ಯಾನ್ ಬುಕ್ ಮಾಡುವಾಗಲೇ ನಂಬರ್ ಕೇಳಿಕೊಳ್ಳಿ. ಟೋಲ್‌ಗೆ ಈಸಿಟ್ರಿಪ್, ಆಟೋಸ್ವೀಪ್ ಎಂಬ ಎರಡು ಟೋಲ್ ಖಾತೆಗಳಲ್ಲೂ ಬ್ಯಾಲೆನ್ಸ್ ಇದೆಯಾ ಅಂತಲೂ ಕೇಳಿ. ಹೋಗುವಾಗಿನ ಹೆದ್ದಾರಿ ಕವಿಟೆಕ್ಸ್‌ಗೆ ಮೊದಲನೆಯದು, ಬರುವಾಗಿನ ಹೆದ್ದಾರಿಗಳಾದ ಸ್ಟಾರ್ ಮತ್ತು ಸ್ಲೆಕ್ಸ್‌ಗೆ ಎರಡನೆಯದು.

7ಕ್ಕೆ ಹೊರಟರೆ ಕವಿತ್‌ನ ದೇಶದ ಮೊದಲ ಅಧ್ಯಕ್ಷ ಅಗಿನಾಲ್ಡೋ ಮನೆಗೆ ಮ್ಯೂಸಿಯಂ ತೆರೆಯುವ ಹೊತ್ತಿಗೆ ಸೇರಬಹುದು. ಪ್ರವೇಶ ಉಚಿತ. 1898ರ ಜೂನ್ 12ರಂದು ಸ್ಪೇನ್‌ನಿಂದ ಫಿಲಿಪ್ಪೀನ್ಸ್‌ನ ಸ್ವಾತಂತ್ರ್ಯ ಘೋಷಿಸಿದ್ದು ಇಲ್ಲೇ. ಎಲ್ಲರೂ ಫೋಟೋ ತೆಗೆಯುವ ಬಾಲ್ಕನಿ ಅಂದು ಇರಲಿಲ್ಲ, ಆಮೇಲೆ ಸೇರಿಸಿದ್ದು. ಘೋಷಣೆ ಓದಿದ್ದು ಕಿಟಕಿಯಿಂದ. ಊಟದ ಕೋಣೆಯಲ್ಲಿ ತಲೆಯೆತ್ತಿ ನೋಡಿ, ಚಾವಣಿಯಲ್ಲಿ ದೇಶದ ಉಬ್ಬು ನಕ್ಷೆ ಇದೆ. ಹಿಂಭಾಗದಲ್ಲಿ ಅಗಿನಾಲ್ಡೋ ಸಮಾಧಿ. ಒಂದು ಗಂಟೆ ಸಾಕು.

ತಗಾಯ್ತಾಯ್‌ನ ಗುಡ್ಡದಂಚಿಗೆ ಮಧ್ಯಾಹ್ನದೊಳಗೆ ತಲುಪಿ, ಮಳೆಗಾಲದಲ್ಲಂತೂ ಆಮೇಲೆ ಮೋಡ ಕವಿದು ಏನೂ ಕಾಣುವುದಿಲ್ಲ. ಕೆಳಗೆ ತಾಲ್ ಸರೋವರದಲ್ಲಿ ಎದ್ದು ಕಾಣುವ ಅಚ್ಚುಕಟ್ಟಾದ ಶಂಕುವನ್ನೇ ಬಹುತೇಕರು ಜ್ವಾಲಾಮುಖಿಯ ಬಾಯಿ ಅಂದುಕೊಳ್ಳುತ್ತಾರೆ. ಅದು ಬಿನಿಂತಿಯಾಂಗ್ ಮಲಾಕಿ ಎಂಬ ಪಕ್ಕದ ಗುಡ್ಡ. ಮುಖ್ಯ ಕುಂಡ ಅದರ ಹಿಂದೆ, ತಗ್ಗಾಗಿ, ಅಗಲವಾಗಿ ಹರಡಿದೆ.

ಇಲ್ಲಿನ ಹೆಸರುವಾಸಿ ಬುಲಾಲೋ ದನದ ಮೂಳೆಯ ಸಾರು. ಸಸ್ಯಾಹಾರಿಗಳು ತರಕಾರಿ ಪಲ್ಯ ಅಂತ ಪಿನಕ್ಬೆತ್ ತರಿಸಿದರೆ ಅದರಲ್ಲಿ ಬಾಗೂಂಗ್, ಅಂದರೆ ಸೀಗಡಿಯ ಗೊಜ್ಜು ಇರುತ್ತದೆ. ಚಾಪ್‌ಸುಯ್‌ನಲ್ಲೂ ಮಾಂಸದ ಚೂರು. 'ವಲಾಂಗ್ ಕಾರ್ನೆ, ವಲಾಂಗ್ ಇಸ್ದಾ, ವಲಾಂಗ್ ಬಾಗೂಂಗ್' (ಮಾಂಸ, ಮೀನು, ಬಾಗೂಂಗ್ ಇಲ್ಲದ್ದು) ಅಂತ ಹೇಳಿದರೂ ನಂಬಿಕೆ ಪೂರ್ತಿ ಸಾಲದು. ಪುಳಿಯೋಗರೆ ಕಟ್ಟಿಕೊಂಡು ಹೋಗಿ, ಜೊತೆಗೆ ರಸ್ತೆಬದಿಯ ಅನಾನಸ್ ತಿನ್ನಿ.

ತಾಲ್ ಪಟ್ಟಣಕ್ಕೆ 2ರೊಳಗೆ ಮುಟ್ಟಿ. ನನ್ನ ಪ್ರಕಾರ ದಿನದ ನಿಜವಾದ ತಿರುಳು ಇದೇ, ಆದ್ದರಿಂದ ಬೇರೆಲ್ಲ ಮೊಟಕಾದರೂ ಇದನ್ನು ಮೊಟಕು ಮಾಡಬೇಡಿ. ಊರು ಮೊದಲು ಸರೋವರದ ದಡದಲ್ಲಿತ್ತು, 1754ರ ಸ್ಫೋಟದಲ್ಲಿ ಹಾಳಾದ ಮೇಲೆ ಇಲ್ಲಿಗೆ ಬಂತು. ಮೊದಲು ಮಾರ್ಸೆಲಾ ಅಗೋನ್ಸಿಯೊ ಮನೆ ನೋಡಿ, ಮ್ಯೂಸಿಯಂ ಬೇಗ ಮುಚ್ಚುತ್ತದೆ. ಕವಿತ್‌ನಲ್ಲಿ ಅಂದು ಹಾರಿಸಿದ ದೇಶದ ಧ್ವಜವನ್ನು ಹಾಂಗ್‌ಕಾಂಗ್‌ನಲ್ಲಿ ಹೊಲಿದದ್ದು ಈಕೆ, ಜೊತೆಗೆ ಮಗಳು ಲೊರೆಂಜಾ ಮತ್ತು ರಾಷ್ಟ್ರವೀರ ರಿಜಾಲ್‌ರ ಅಕ್ಕನ ಮಗಳು ಡೆಲ್ಫಿನಾ. ಬೆಳಗ್ಗೆ ಆ ಕಿಟಕಿ ನೋಡಿ ಬಂದವರಿಗೆ ಈ ಮನೆ ಬೇರೆಯೇ ಅನ್ನಿಸುತ್ತದೆ.

ಆಮೇಲೆ ಸ್ಯಾನ್ ಮಾರ್ಟಿನ್ ಬಸಿಲಿಕಾ. ತೋಳಿಲ್ಲದ ಅಂಗಿ, ಚಡ್ಡಿ ಬೇಡ. ಗಂಟೆಗೋಪುರ ಹತ್ತಲು ಬಿಡುತ್ತಿದ್ದರೆ ಹತ್ತಿ, ಮೆಟ್ಟಿಲು ಕಿರಿದು, ಬೆನ್ನಿನ ಬ್ಯಾಗ್ ವ್ಯಾನಿನಲ್ಲೇ ಬಿಡಿ. ಮಾರ್ಕೆಟ್‌ನಲ್ಲಿ ಬಾಳೆಎಲೆಯಲ್ಲಿ ಸುತ್ತಿದ ಸುಮಾನ್ ಅಕ್ಕಿ-ತೆಂಗಿನಹಾಲಿನದು, ಸಸ್ಯಾಹಾರಿಗಳಿಗೂ ಆದೀತು. ಬರಾಕೋ ಕಾಫಿಪುಡಿ ತನ್ನಿ, ಲಿಬೆರಿಕಾ ತಳಿ, ನಮ್ಮ ಫಿಲ್ಟರ್‌ಗೂ ನಡೆಯುತ್ತದೆ. ಬಲಿಸಾಂಗ್ ಮಡಿಚು ಚಾಕು ಮಾತ್ರ ಕೊಳ್ಳಬೇಡಿ: ಜೇಬಿನಲ್ಲಿಟ್ಟು ಓಡಾಡಿದರೆ ಪೊಲೀಸರ ತೊಂದರೆ, ವಿಮಾನದ ಕೈಚೀಲದಲ್ಲಂತೂ ಬಿಡುವುದಿಲ್ಲ.

ಹೊರಡುವುದು 5ರ ಮೇಲೆ ಇಟ್ಟುಕೊಳ್ಳಿ, ಸ್ಟಾರ್ ದಾರಿಯಲ್ಲಿ ಬನ್ನಿ, ಮನಿಲಾ ಹತ್ತಿರದ ದಟ್ಟಣೆ ಇಳಿಯುವ ಹೊತ್ತಿಗೆ ಊರು ಸೇರುತ್ತೀರಿ.