ಕೊಳ್ಳೋಕೆ ಹೋಗಿ ಮಾರೋಕೆ ನಿಂತೆ

ತಮ್ಮಾ, ಸಿಂಗಪುರಕ್ಕೆ ಬಂದು ಮೂರು ತಿಂಗಳಾಯ್ತು, ಮ್ಯಾಂಡರಿನ್ ಕಲಿಯೋ ಆಸೆ, ಆದರೆ ಹೇಳಿಕೊಳ್ಳೋಕೆ ನಾಚಿಕೆ ಅಂತ ಬರೆದಿದ್ದೀಯ. ರೂಮಿನವರು "ಚೀನಾದವರ ಅಳಿಯ ಆಗ್ತೀಯಾ" ಅಂತ ರೇಗಿಸುತ್ತಾರೆ. ಊರಿಂದ ಅಪ್ಪ "ಗಡೀಲಿ ಹೊಡೆದಾಡಿದವರ ಭಾಷೆ ನಿನಗ್ಯಾಕೆ" ಅಂತಾರೆ. ಹದಿನೆಂಟು ವರ್ಷದಿಂದ ಇಲ್ಲಿದ್ದೇನೆ, ಇಂಥ ಮಾತು ಬೇಕಾದಷ್ಟು ಕೇಳಿದ್ದೇನೆ.

ಅಪ್ಪನಿಗೆ ಹೇಳು, ಇಲ್ಲಿಯ ಚೀನೀಯರು ಸಿಂಗಪುರದವರು, ಬೀಜಿಂಗಿನವರಲ್ಲ. ಇವರ ಅಜ್ಜಿಯರ ಮನೆಮಾತು ಹೊಕ್ಕಿಯೆನ್, ಟಿಯೋಚ್ಯೂ, ಕ್ಯಾಂಟನೀಸ್. 1979ರಲ್ಲಿ ಸರ್ಕಾರ ಮ್ಯಾಂಡರಿನ್ ಮಾತಾಡಿ ಅಂತ ಅಭಿಯಾನ ಹೂಡಿತು, ಆಮೇಲೆ ಮನೆಗಳಲ್ಲೂ ಅದೇ ಜಾಸ್ತಿಯಾಯ್ತು. ಅದನ್ನು ಶುರು ಮಾಡಿದ ಆಗಿನ ಪ್ರಧಾನಿ ಲೀ ಕ್ವಾನ್ ಯೂ ಓದಿದ್ದೇ ಇಂಗ್ಲಿಷಿನಲ್ಲಿ, ಮ್ಯಾಂಡರಿನ್ ಕಲಿತದ್ದು ದೊಡ್ಡವರಾದ ಮೇಲೆ. ಪ್ರಧಾನಿಗೇ ಇಲ್ಲದ ನಾಚಿಕೆ ನಿನಗ್ಯಾಕೆ?

ನನ್ನ ಕಥೆ ಕೇಳು. ನಮ್ಮ ಮನೆ ಹತ್ತಿರದ ಹಾಕರ್ ಸೆಂಟರಿನಲ್ಲಿ, ಅಂದರೆ ಸಣ್ಣ ಸಣ್ಣ ತಿಂಡಿ ಅಂಗಡಿಗಳು ಒಟ್ಟಿಗಿರೋ ಜಾಗದಲ್ಲಿ, ಒಬ್ಬ ಆಂಟಿ ಹಬೆಯಲ್ಲಿ ಬೇಯಿಸಿದ ಬಾವ್ ಅನ್ನೋ ಬನ್ನು ಮಾರುತ್ತಿದ್ದರು. ಒಳಗೆ ಕೆಂಪು ಕಾಳಿನ ಸಿಹಿ ಹೂರಣ, ಥೇಟ್ ನಮ್ಮ ಹೋಳಿಗೆಯದ್ದೇ ನೆನಪು. ರಾತ್ರಿಯೆಲ್ಲ ಬಾಯಿಪಾಠ ಮಾಡಿಕೊಂಡು ಹೋಗಿ "ಮಾಯ್" ಅಂದೆ. ಅವರು ಬಿದ್ದು ಬಿದ್ದು ನಕ್ಕರು. ಎರಡು ಬಾವ್ ಕೊಳ್ಳಬೇಕು ಅನ್ನೋ ಬದಲು ಮಾರಬೇಕು ಅಂದಿದ್ದೆ! ಇಕ್ಕಳವನ್ನು ಗಾಳಿಯಲ್ಲಿ ಕೆಳಗಿಳಿಸಿ ಮೇಲೆತ್ತಿದರು: ದನಿ ಹೀಗೆ ಇಳಿದು ಏರಿದರೆ "ಮಾಯ್" ಅಂದರೆ ಕೊಳ್ಳೋದು. ಮೇಲಿಂದ ಪಟ್ಟನೆ ಕೆಳಗೆ ಹೊಡೆದರು: ದನಿ ಹೀಗೆ ಬಿದ್ದರೆ ಅದೇ ಪದ ಮಾರೋದು. ಹಿಂದೆ ಕ್ಯೂನಲ್ಲಿ ಆರು ಜನ. ನಾವು ಹಳ್ಳಿಯನ್ನು ಹಲ್ಲಿ ಅಂದವರನ್ನು ನೋಡಿ ನಗಲ್ವಾ, ಹಾಗೆ. ಆ ನಗುವಿನಲ್ಲಿ ಕೆಟ್ಟದ್ದೇನೂ ಇರಲಿಲ್ಲ. ನಿಜ ಹೇಳಬೇಕೆಂದರೆ, ನನ್ನನ್ನು ಕುಗ್ಗಿಸಿದ್ದು ಯಾವಾಗಲೂ ನಮ್ಮವರ ನಗುವೇ.

ಒಂದು ಎಚ್ಚರ ಮಾತ್ರ ಇರಲಿ. ಆಫೀಸಿನಲ್ಲಿ ಚೀನೀ ಮುಖ ಕಂಡ ಕೂಡಲೇ ಮ್ಯಾಂಡರಿನ್‌ನಲ್ಲಿ ನಮಸ್ಕಾರ ಅನ್ನೋ "ನಿ ಹಾವ್" ಹೇಳಬೇಡ. ಎಷ್ಟೋ ಜನರ ಮನೆಮಾತು ಇಂಗ್ಲಿಷೇ, ಅವರಿಗೆ ಮುಜುಗರ. ಗುರುತಾದ ಮೇಲೆ "ಸ್ವಲ್ಪ ಹೇಳಿಕೊಡ್ತೀರಾ" ಅಂತ ಕೇಳು, ಅಷ್ಟೇ.

ಬಿಡುವಿದ್ದಾಗ ವಾಟರ್ಲೂ ಸ್ಟ್ರೀಟಿಗೆ ಹೋಗು. ಚೀನೀಯರ ಕರುಣೆಯ ದೇವಿ ಕ್ವಾನ್ ಇಮ್ ಗುಡಿಯ ಪಕ್ಕದಲ್ಲೇ ಶ್ರೀಕೃಷ್ಣನ ಗುಡಿ ಇದೆ. ಅಲ್ಲಿ ಪೂಜೆ ಮಾಡಿದ ಚೀನೀಯರು ಇಲ್ಲಿಗೂ ಬಂದು ಊದುಬತ್ತಿ ಹಚ್ಚಿ ಕೈ ಮುಗಿಯುತ್ತಾರೆ. ಅವರಿಗೇನೂ ಸಂಕೋಚ ಇದ್ದಂತೆ ಕಾಣಲ್ಲ.

ಮೊದಲು ಕಾಫಿ ಅಂಗಡಿಯಿಂದ ಶುರು ಮಾಡು. "ಕೋಪಿ ಓ ಕೋಸೊಂಗ್" ಅಂದರೆ ಹಾಲು, ಸಕ್ಕರೆ ಎರಡೂ ಇಲ್ಲದ ಕಾಫಿ. 'ಓ' ಹೊಕ್ಕಿಯೆನ್, 'ಕೋಸೊಂಗ್' ಮಲಯ್. ಸಕ್ಕರೆ ಬೇಕಿದ್ದರೆ ಕೊನೆಯ ಪದ ಬಿಟ್ಟುಬಿಡು.