ಕುಮಟೆಯಲ್ಲಿ ಇರೋದು ಡಾಕ್ಟರೋ, ಅವರ ಮಗನೋ?

ಪ್ರಶ್ನೆ: ನನ್ನ ಮಗಳು ಸಿರ್ಸಿಯಲ್ಲಿ ಪಿಯುಸಿ ಎರಡನೇ ವರ್ಷ ಓದುತ್ತಿದ್ದಾಳೆ. ಅವಳ ಇಂಗ್ಲಿಷ್ ಪಾಠದಲ್ಲಿ ಒಂದು ವಾಕ್ಯ: 'ಐ ಮೆಟ್ ದ ಸನ್ ಆಫ್ ದ ಡಾಕ್ಟರ್ ಹೂ ಲಿವ್ಸ್ ಇನ್ ಕುಮಟಾ.' ಇದರಲ್ಲಿ 'ಹೂ' ಅಂದರೆ ಯಾರು? ಹತ್ತಿರದ ನಾಮಪದ ಹಿಡಿಯಬೇಕು, ಹಾಗಾಗಿ ಡಾಕ್ಟರ್ ಅಂತಾಳೆ ಮಗಳು. ಟ್ಯೂಷನ್ ಸರ್ ಮಗ ಅಂದರಂತೆ. ಯಾವುದು ಸರಿ? 'ಒನ್ ಆಫ್ ದ ಗರ್ಲ್ಸ್ ಹೂ' ಬಂದಾಗ 'ಹ್ಯಾಸ್' ಬರೆಯಬೇಕೋ 'ಹ್ಯಾವ್' ಬರೆಯಬೇಕೋ, ಅದನ್ನೂ ತಿಳಿಸಿ.
– ಓದುಗರು, ಸಿರ್ಸಿ

ಉತ್ತರ: ಇಬ್ಬರೂ ಸರಿ. ತಪ್ಪು ಇರೋದು ವಾಕ್ಯದಲ್ಲಿ.

'ಹೂ', 'ವಿಚ್', 'ದ್ಯಾಟ್' ಇವು ರಿಲೇಟಿವ್ ಪ್ರೊನೌನ್‌ಗಳು. ಇವು ಹಿಂದೆ ಬಂದ ಯಾವುದೋ ಹೆಸರನ್ನು ಕೈ ಮಾಡಿ ತೋರಿಸುತ್ತವೆ. ಹಾಗೆ ತೋರಿಸಿಕೊಂಡ ಹೆಸರಿಗೆ ಆಂಟಿಸಿಡೆಂಟ್ ಅನ್ನುತ್ತಾರೆ. ಹತ್ತಿರದ ಹೆಸರನ್ನು ಹಿಡಿಯೋದು ಮೊದಲ ಊಹೆ ಅಷ್ಟೇ, ಕಾನೂನಲ್ಲ. ಕಾರವಾರದವರಿಗೆ ಗೊತ್ತಿರೋ ವಿಷಯವನ್ನೇ ನೋಡಿ: 'ದ ಓಲ್ಡ್ ಬ್ರಿಜ್ ಅಕ್ರಾಸ್ ದ ಕಾಳಿ, ವಿಚ್ ಕೊಲ್ಯಾಪ್ಸ್ಡ್ ಇನ್ 2024.' 'ವಿಚ್'ಗೆ ಅಂಟಿಕೊಂಡು ನಿಂತಿರೋದು ಕಾಳಿ. ಆದರೆ ನದಿ ಕುಸಿಯೋದಿಲ್ಲ, ಕುಸಿದದ್ದು ಸೇತುವೆ. ಇಲ್ಲಿ ಅರ್ಥವೇ ತೀರ್ಪು ಕೊಟ್ಟುಬಿಡುತ್ತದೆ.

ಅರ್ಥ ಕೈಕೊಟ್ಟರೆ ಕ್ರಿಯಾಪದ ನೋಡಿ. 'ಎ ಬಾಸ್ಕೆಟ್ ಆಫ್ ಮ್ಯಾಕರೆಲ್ಸ್ ದ್ಯಾಟ್ ವರ್ ಬ್ರಾಟ್ ಫ್ರಮ್ ಅಂಕೋಲಾ' ಅಂದರೆ ಅಂಕೋಲೆಯಿಂದ ಬಂದದ್ದು ಬಂಗಡೆಗಳು, ಯಾಕಂದರೆ 'ವರ್' ಬಹುವಚನ. ಅದೇ ಜಾಗದಲ್ಲಿ 'ವಾಸ್' ಹಾಕಿದರೆ ಬಂದದ್ದು ಬುಟ್ಟಿ. ಒಂದು ಸಣ್ಣ ಪದ ಬದಲಾದರೆ ಮೀನು ಹೋಗಿ ಬುಟ್ಟಿ ಬರುತ್ತದೆ. ನಿಮ್ಮ ಮಗಳ ವಾಕ್ಯದಲ್ಲಿ ಈ ಉಪಾಯ ನಡೆಯೋದಿಲ್ಲ. ಡಾಕ್ಟರೂ ಒಬ್ಬರು, ಮಗನೂ ಒಬ್ಬ. ಇಬ್ಬರಿಗೂ 'ಲಿವ್ಸ್' ಒಪ್ಪುತ್ತದೆ. ಇಬ್ಬರೂ ಮನುಷ್ಯರಾದ್ದರಿಂದ 'ಹೂ' ಕೂಡ ಒಪ್ಪುತ್ತದೆ.

ನಿಮ್ಮ ಮನೆಯ ಜಗಳದ ಮೇಲೆ ದೊಡ್ಡ ಸಂಶೋಧನೆಯೇ ನಡೆದಿದೆ. 1988ರಲ್ಲಿ ಕ್ವೆಟೋಸ್ ಮತ್ತು ಮಿಚೆಲ್ ಅನ್ನುವ ಇಬ್ಬರು ಇಂಥದ್ದೇ ವಾಕ್ಯಗಳನ್ನು ಹಿಡಿದು ಓದುಗರನ್ನು ಪರೀಕ್ಷಿಸಿದರು. ಅದರಲ್ಲಿ ಒಂದು ವಾಕ್ಯದಲ್ಲಿ 'ದ ಸರ್ವೆಂಟ್ ಆಫ್ ದ ಆಕ್ಟ್ರೆಸ್ ಹೂ ವಾಸ್ ಆನ್ ದ ಬಾಲ್ಕನಿ' ಅಂತ ಬರುತ್ತದೆ, ಅಂದರೆ ನಟಿ, ಅವಳ ಕೆಲಸದವನು, ಬಾಲ್ಕನಿ ಎಲ್ಲಾ ಇವೆ. ಬಾಲ್ಕನಿಯಲ್ಲಿದ್ದವರು ಯಾರು ಅಂತ ಕೇಳಿದರೆ ಇಂಗ್ಲಿಷ್ ಓದುಗರು ಜಾಸ್ತಿ ಹತ್ತಿರದ ನಟಿಯ ಕಡೆ ವಾಲಿದರು. ಸ್ಪ್ಯಾನಿಷ್ ಓದುಗರು ದೂರದ ಕೆಲಸದವನನ್ನು ಆರಿಸಿಕೊಂಡರು. ನಿಮ್ಮ ಮಗಳು ಇಂಗ್ಲಿಷ್ ಪಕ್ಷ, ಟ್ಯೂಷನ್ ಸರ್ ಸ್ಪ್ಯಾನಿಷ್ ಪಕ್ಷ!

ಕನ್ನಡದಲ್ಲಿ ಈ ತಾಪತ್ರಯ ಇಲ್ಲ ಅಂದುಕೊಂಡಿದ್ದೀರಾ? ನಮ್ಮಲ್ಲಿ ವಿವರ ಮೊದಲು, ಹೆಸರು ಆಮೇಲೆ: 'ಕುಮಟೆಯಲ್ಲಿರೋ ಡಾಕ್ಟರ ಮಗ.' ಈಗ ಹೇಳಿ, ಕುಮಟೆಯಲ್ಲಿ ಯಾರಿದ್ದಾರೆ? ಅದೇ ಗೊಂದಲ, ತಿರುಗಿ ನಿಂತಿದೆ ಅಷ್ಟೇ. ಮಾತಾಡುವಾಗ ನಾವು ಸುಮ್ನೆ ಬಿಡಿಸಿ ಹೇಳಿಬಿಡುತ್ತೇವೆ: 'ಡಾಕ್ಟರ ಮಗ ಇದ್ದಾನಲ್ಲ, ಕುಮಟೆಯಲ್ಲಿ ಇರೋನು.'

ಇಂಗ್ಲಿಷಿನಲ್ಲೂ ಹಾಗೇ ಬಿಡಿಸಬೇಕು. ಮಗನ ಬಗ್ಗೆ ಹೇಳೋದಾದರೆ 'ಐ ಮೆಟ್ ದ ಡಾಕ್ಟರ್ಸ್ ಸನ್, ಹೂ ಲಿವ್ಸ್ ಇನ್ ಕುಮಟಾ.' 'ಡಾಕ್ಟರ್ಸ್' ಮುಂದಕ್ಕೆ ಹೋಯಿತು, 'ಸನ್' ಬಂದು 'ಹೂ' ಪಕ್ಕ ನಿಂತಿತು. ಡಾಕ್ಟರ ಬಗ್ಗೆ ಆದರೆ ಎರಡು ವಾಕ್ಯ ಮಾಡಿ: 'ದ ಡಾಕ್ಟರ್ ಲಿವ್ಸ್ ಇನ್ ಕುಮಟಾ. ಐ ಮೆಟ್ ಹಿಸ್ ಸನ್.' ಇದರಲ್ಲಿ ನಾಚಿಕೆ ಏನೂ ಇಲ್ಲ.

ಬಿಡಿಸಿ ಬರೆಯದೆ ನಾನೇ ಒಮ್ಮೆ ಸಿಕ್ಕಿಹಾಕಿಕೊಂಡಿದ್ದೆ. ಮೇಷ್ಟ್ರಾಗಿದ್ದ ಕಾಲ. ನೋಟಿಸ್ ಬೋರ್ಡಿನ ಮೇಲೆ ಬರೆದೆ: 'ಮದರ್ಸ್ ಆಫ್ ಬಾಯ್ಸ್ ಹೂ ಚ್ಯೂ ಗುಟ್ಕಾ ಮಸ್ಟ್ ಮೀಟ್ ಮಿ.' ಒಬ್ಬ ಕಿಲಾಡಿ ಹುಡುಗ ಮನೆಗೆ ಹೋಗಿ 'ಗುಟ್ಕಾ ಹಾಕುವ ತಾಯಂದಿರು ಬರಬೇಕಂತೆ' ಅಂತ ಹೇಳಿದ. ಮರುದಿನ ತಾಯಿ ಬಂದು ಬಾಗಿಲಲ್ಲೇ ನಿಂತರು. 'ಸರ್, ನಾನು ಊಟ ಆದಮೇಲೆ ಒಂದು ಕವಳ (ಎಲೆಯಡಿಕೆ) ಹಾಕ್ತೆ, ಅದು ಬಿಟ್ಟರೆ ಬೇರೆ ಏನೂ ಇಲ್ಲ' ಅಂದರು. ವ್ಯಾಕರಣದ ಪ್ರಕಾರ ಹುಡುಗ ಮಾಡಿದ ಅರ್ಥದಲ್ಲಿ ತಪ್ಪಿರಲಿಲ್ಲ, ಅದೇ ತೊಂದರೆ.

ಅಲ್ಪವಿರಾಮದ ಬಗ್ಗೆಯೂ ಒಂದು ಮಾತು. ಮೇಲಿನ ವಾಕ್ಯದಲ್ಲಿ 'ಸನ್' ಆದಮೇಲೆ ಅದನ್ನು ಹಾಕಿದ್ದೇನೆ, ಗಮನಿಸಿದಿರಾ? ಅದು ಇದ್ದರೆ ಒಂದು ಅರ್ಥ, ಇಲ್ಲದಿದ್ದರೆ ಇನ್ನೊಂದು. ಒಂದು ಉದಾಹರಣೆ ನೋಡಿ. 1880ರ ದಶಕದಲ್ಲಿ ರವೀಂದ್ರನಾಥ ಟಾಗೋರರು ಕಾರವಾರಕ್ಕೆ ಬಂದು ಅಣ್ಣನ ಜೊತೆ ಉಳಿದಿದ್ದರು. 'ಹಿಸ್ ಬ್ರದರ್ ಹೂ ವಾಸ್ ಎ ಜಡ್ಜ್' ಅಂತ ಅಲ್ಪವಿರಾಮ ಇಲ್ಲದೆ ಬರೆದರೆ, ಹಲವು ಅಣ್ಣಂದಿರಲ್ಲಿ ಜಡ್ಜ್ ಆಗಿದ್ದ ಅಣ್ಣ ಅಂತ ಅರ್ಥ. ಟಾಗೋರರಿಗೆ ಅಣ್ಣಂದಿರು ಹಲವರಿದ್ದರು, ಹಾಗಾಗಿ ಇದು ಸರಿಯೇ. 'ಹಿಸ್ ಬ್ರದರ್ ಸತ್ಯೇಂದ್ರನಾಥ್, ಹೂ ವಾಸ್ ಎ ಜಡ್ಜ್' ಅಂತ ಬರೆದರೆ ಯಾವ ಅಣ್ಣ ಅನ್ನೋದು ಹೆಸರಿನಲ್ಲೇ ಗೊತ್ತಾಯಿತು, ಜಡ್ಜ್ ಅನ್ನೋದು ಹೆಚ್ಚಿನ ಮಾಹಿತಿ ಅಷ್ಟೇ. ಕನ್ನಡಕ್ಕೆ ತಿರುಗಿಸಿ ನೋಡಿದರೆ ತಿಳಿಯುತ್ತದೆ. ಮೊದಲನೆಯದು 'ಜಡ್ಜ್ ಆಗಿದ್ದ ಅಣ್ಣ'. ಎರಡನೆಯದು 'ಅಣ್ಣ ಸತ್ಯೇಂದ್ರನಾಥ್, ಅವರು ಜಡ್ಜ್ ಆಗಿದ್ದರು'.

ಅಲ್ಪವಿರಾಮದ ನಂತರದ 'ವಿಚ್' ಕೆಲವೊಮ್ಮೆ ಯಾವ ಹೆಸರನ್ನೂ ತೋರಿಸೋದಿಲ್ಲ, ಇಡೀ ಸಂಗತಿಯನ್ನೇ ತೋರಿಸುತ್ತದೆ. 'ದೇವಿಮನೆ ಘಾಟ್ ವಾಸ್ ಕ್ಲೋಸ್ಡ್, ವಿಚ್ ಮೇಡ್ ಅಸ್ ಲೇಟ್.' ತಡ ಮಾಡಿಸಿದ್ದು ಘಾಟ್ ಅಲ್ಲ, ಘಾಟ್ ಬಂದ್ ಆಗಿದ್ದು. ಮಕ್ಕಳು ಇಲ್ಲಿ ನಾಮಪದ ಹುಡುಕುತ್ತಾ ಕೂತು ಸಮಯ ಕಳೆಯುತ್ತಾರೆ.

ಇನ್ನು ನಿಮ್ಮ ಎರಡನೇ ಪ್ರಶ್ನೆ. 'ಶಿ ಈಸ್ ಒನ್ ಆಫ್ ದ ಗರ್ಲ್ಸ್ ಹೂ ಹ್ಯಾವ್ ಪಾಸ್ಡ್.' ಪಾಸಾದವರು ಹಲವು ಹುಡುಗಿಯರು, ಇವಳು ಅವರಲ್ಲಿ ಒಬ್ಬಳು. 'ಹೂ' ತೋರಿಸೋದು 'ಗರ್ಲ್ಸ್'ನ್ನು, ಆದ್ದರಿಂದ 'ಹ್ಯಾವ್'. ಮಾತಿನಲ್ಲಿ ಇಂಗ್ಲಿಷಿನವರೇ 'ಹ್ಯಾಸ್' ಅನ್ನೋದುಂಟು, ಪರೀಕ್ಷೆಯಲ್ಲಿ ಮಾತ್ರ ಆ ಧೈರ್ಯ ಬೇಡ. 'ದ ಓನ್ಲಿ ಒನ್ ಆಫ್ ದ ಗರ್ಲ್ಸ್' ಅಂತ ಬಂದರೆ ಪಾಸಾದವಳು ಇವಳೊಬ್ಬಳೇ, ಆಗ 'ಹ್ಯಾಸ್' ಬರೆಯಲಿ.