ಪರ್ಷಿಯನ್ ಪದಗಳು ಗೊತ್ತು, ವಾಕ್ಯ ಕಟ್ಟಲು ಬರುತ್ತಿಲ್ಲ. ಎಲ್ಲಿಂದ ಶುರು ಮಾಡಲಿ?

ಲಿಪಿ ಓದಲು ಬರುತ್ತದೆ, ಪದಗಳೂ ಒಂದಷ್ಟು ಗೊತ್ತಿವೆ, ಇಂಗ್ಲಿಷ್ ಮೂಲಕ ಕಲಿಯುತ್ತಿದ್ದೇನೆ ಎಂದಿದ್ದೀರಿ. ವಾಕ್ಯರಚನೆಯ ಮಟ್ಟಿಗೆ ಇಂಗ್ಲಿಷನ್ನು ಪಕ್ಕಕ್ಕಿಟ್ಟು ಕನ್ನಡದಿಂದಲೇ ಹೊರಡಿ. ಕರ್ತೃ, ಕರ್ಮ, ಕೊನೆಗೆ ಕ್ರಿಯಾಪದ: ಕ್ರಮ ನಮ್ಮದೇ. 'ಮನ್ ಕೆತಾಬ್ ಖರೀದಮ್' ಎಂದರೆ ನಾನು ಪುಸ್ತಕ ಕೊಂಡೆ. ಕೊನೆಯ 'ಅಮ್' ಪ್ರತ್ಯಯವೇ 'ನಾನು' ಎಂದು ತಿಳಿಸುವುದರಿಂದ 'ಮನ್' ಬಿಟ್ಟರೂ ನಡೆಯುತ್ತದೆ. ಲಿಂಗಭೇದವಿಲ್ಲ, ಅವನು, ಅವಳು ಎರಡಕ್ಕೂ 'ಊ'.

ಹೆಚ್ಚು ಸಮಯ ಕೊಡಬೇಕಾದದ್ದು 'ರಾ'ಗೆ. ಇದು ನಮ್ಮ 'ಅನ್ನು' ಇದ್ದಂತೆ, ಆದರೆ ಇನ್ನೂ ಕಟ್ಟುನಿಟ್ಟು. ಯಾವುದೋ ಪುಸ್ತಕವಾದರೆ 'ಕೆತಾಬ್ ಖರೀದಮ್'. ಯಾವ ಪುಸ್ತಕವೆಂದು ಕೇಳುವವರಿಗೂ ಗೊತ್ತಿದ್ದರೆ 'ಕೆತಾಬ್ ರಾ ಖರೀದಮ್'. ಕನ್ನಡದಲ್ಲಿ 'ಆ ಪುಸ್ತಕ ಕೊಂಡೆ' ಎಂದು 'ಅನ್ನು' ಬಿಟ್ಟು ಹೇಳುತ್ತೇವಲ್ಲ, ತಪ್ಪಾಗುವುದು ಅಲ್ಲೇ. ಪರ್ಷಿಯನ್ನಿನಲ್ಲಿ 'ಆನ್ ಕೆತಾಬ್ ರಾ ಖರೀದಮ್' ಎಂದೇ ಆಗಬೇಕು. ಕರ್ಮಸ್ಥಾನದಲ್ಲಿ ವ್ಯಕ್ತಿಯ ಹೆಸರು ಬಂದರೂ 'ರಾ' ಬಿಡುವಂತಿಲ್ಲ: 'ಅಲೀ ರಾ ದೀದಮ್', ಅಲಿಯನ್ನು ನೋಡಿದೆ.

ಕನ್ನಡ ಕೈಕೊಡುವುದು ನಾಮಪದದ ಸುತ್ತ. ವಿಶೇಷಣವೂ ಒಡೆಯನ ಹೆಸರೂ ನಾಮಪದ ಆದಮೇಲೆ ಬರುತ್ತವೆ, ನಡುವೆ 'ಎ' ಎಂಬ ಕೊಂಡಿ. ಇದಕ್ಕೆ ಎಜ಼ಾಫೆ ಎನ್ನುತ್ತಾರೆ. ಮರ್ಯಮಳ ದೊಡ್ಡ ಪುಸ್ತಕ: 'ಕೆತಾಬ್-ಎ ಬೊಜ಼ೊರ್ಗ್-ಎ ಮರ್ಯಮ್'. ಕೊನೆಯ ಪದಕ್ಕೆ ಕೊಂಡಿ ಬೇಡ. 'ರಾ' ಬೇಕಿದ್ದರೆ ಇಡೀ ಗುಂಪಿನ ಕೊನೆಯಲ್ಲಿ, ಮರ್ಯಮ್ ಆದಮೇಲೆ. ತೊಡಕೆಂದರೆ, ಈ 'ಎ' ಸಾಮಾನ್ಯವಾಗಿ ಬರವಣಿಗೆಯಲ್ಲಿ ಕಾಣುವುದೇ ಇಲ್ಲ. ಆದ್ದರಿಂದ ಗಟ್ಟಿಯಾಗಿ ಓದಿ, ಕೊಂಡಿಯನ್ನು ನೀವೇ ಸೇರಿಸಿಕೊಳ್ಳಿ. ವಿಭಕ್ತಿಯ ಕೆಲಸ ಮಾಡುವ ಪದಗಳು ನಾಮಪದಕ್ಕಿಂತ ಮೊದಲೇ ಬರುತ್ತವೆ: 'ಅಜ಼್ ತೆಹ್ರಾನ್ ಬೆ ಶೀರಾಜ಼್ ರಫ್ತಮ್', ತೆಹ್ರಾನಿನಿಂದ ಶೀರಾಜ಼ಿಗೆ ಹೋದೆ.

'ಅವನು ವಿದ್ಯಾರ್ಥಿ' ಎಂದು ಕ್ರಿಯಾಪದವಿಲ್ಲದೆ ನಿಲ್ಲಿಸುವ ಅಭ್ಯಾಸವನ್ನೂ ಬಿಡಬೇಕು. 'ಊ ದಾನೆಶ್‌ಜೂ ಅಸ್ತ್'. ಅಲ್ಲ ಎನ್ನಲು 'ಅಸ್ತ್' ಜಾಗದಲ್ಲಿ 'ನೀಸ್ತ್'.

ಪ್ರತಿ ಕ್ರಿಯಾಪದಕ್ಕೂ ಎರಡು ಧಾತು, ಭೂತಕಾಲದ್ದು ಮತ್ತು ವರ್ತಮಾನದ್ದು. ಮೊದಲನೆಯದು ಸುಲಭ: 'ರಫ್ತನ್' ಎಂಬುದರಲ್ಲಿ 'ಅನ್' ತೆಗೆದರೆ 'ರಫ್ತ್', ಅದೇ 'ಹೋದನು, ಹೋದಳು'. ಎರಡನೆಯದನ್ನು ಊಹಿಸಲು ಹೋಗಬೇಡಿ. 'ರಫ್ತನ್'ಗೆ 'ರವ್', 'ದೀದನ್'ಗೆ 'ಬೀನ್', ಹೀಗೆ ಜೋಡಿಯಾಗಿಯೇ ಬಾಯಿಪಾಠ ಮಾಡಿ. ಈ ಎರಡನೆಯ ಧಾತುವಿಗೆ ಮೊದಲು 'ಮೀ', ಕೊನೆಗೆ ಪ್ರತ್ಯಯ: 'ಮೀರವಮ್', ಹೋಗುತ್ತೇನೆ. ನಿಷೇಧಕ್ಕೆ 'ನೆಮೀರವಮ್', ಭೂತದಲ್ಲಿ 'ನರಫ್ತಮ್'.

'ಹೋಗಬೇಕೆಂದಿದ್ದೇನೆ' ಎನ್ನಲು 'ಮೀಖಾಹಮ್ ರಫ್ತನ್' ಎಂದು ಹಲವರು ಕಟ್ಟುತ್ತಾರೆ. ಅದು ತಪ್ಪು. ಎರಡನೆಯ ಕ್ರಿಯಾಪದಕ್ಕೆ 'ಬೆ' ಹಚ್ಚಿ, ಅದಕ್ಕೂ ಪ್ರತ್ಯಯ ಕೊಡಬೇಕು: 'ಮೀಖಾಹಮ್ ಬೆರವಮ್'. ಇದು ಬರಹದ ರೂಪ. ತೆಹ್ರಾನಿನ ಆಡುಮಾತಿನಲ್ಲಿ ಇದೇ 'ಮೀಖಾಮ್ ಬೆರಮ್' ಆಗುತ್ತದೆ, 'ರಾ' ಕೂಡ 'ರೊ' ಆಗುತ್ತದೆ. ಮೊದಲು ಬರಹದ ರೂಪ ಕಲಿಯಿರಿ. ಅದು ಗೊತ್ತಿದ್ದರೆ ಎಲ್ಲಿ ಏನು ಸವೆದಿದೆ ಎಂದು ಕೇಳಿದ ಕೂಡಲೇ ಗುರುತು ಸಿಗುತ್ತದೆ.